ಅವನು ಹೇಳಿದ್ದು ಸುಳ್ಳಾಗಿರಲಿಲ್ಲ

ಮೊನ್ನೆ ಭಾವ ಮಗನ ಕೈಗೆ ಪಟ್ಟನೆ ಒಂದು ಕೊಟ್ಟರು. "ಎಷ್ಟು ಸಲ ಹೇಳೋದು, ಉಗುರು ಕಚ್ಚಬೇಡ ಅಂತ?" ಟಿವಿಯಲ್ಲಿ ಮುಳುಗಿದ್ದ ಎಂಟು ವರ್ಷದ ಹುಡುಗ ಬೆಚ್ಚಿಬಿದ್ದ. "ನಾನು ಕಚ್ತಾ ಇರ್ಲಿಲ್ಲ ಅಪ್ಪಾ" ಅಂದ. "ನನ್ನ ಕಣ್ಣೆದುರೇ ಕಚ್ಚಿ, ಸುಳ್ಳು ಬೇರೆ ಹೇಳ್ತೀಯಾ?" ಎರಡನೇ ಏಟು ಸುಳ್ಳಿಗೆ ಬಿತ್ತು.

"ನಾನು ಕಚ್ತಾ ಇರ್ಲಿಲ್ಲ." ವಾರವಿಡೀ ಈ ಮಾತು ನನ್ನ ತಲೆಯಿಂದ ಹೋಗಿಲ್ಲ. ಪಕ್ಕದಲ್ಲೇ ಕೂತಿದ್ದ ನಾನು ಅವನ ಮುಖ ನೋಡಿದ್ದೆ. ಸಿಕ್ಕಿಬಿದ್ದ ಕಳ್ಳನ ಮುಖವಲ್ಲ ಅದು. ಏನಾಯಿತು ಅಂತಲೇ ತಿಳಿಯದೆ ಕಂಗಾಲಾಗಿತ್ತು. ಬೆರಳು ಬಾಯಿಗೆ ಹೋಗಿದ್ದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಈ ಚಟದ ಸ್ವಭಾವವೇ ಅದು. ಬೇಜಾರಾದಾಗ, ಹೆದರಿಕೆಯಾದಾಗ, ಯಾವುದರಲ್ಲೋ ಮೈಮರೆತಾಗ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇಂಥ ಚಟಗಳನ್ನು ಬಿಡಿಸುವ ಒಂದು ಕ್ರಮ ರೂಪಿಸಿದರು. ಅದರಲ್ಲಿ ಮೊದಲ ಕೆಲಸ ಬಿಡಿಸುವುದಲ್ಲ. ಕೈ ಯಾವಾಗ ಮೇಲೇಳುತ್ತದೆ ಎಂದು ಗುರುತಿಸಲು ಕಲಿಸುವುದು. ಗುರುತು ಸಿಕ್ಕ ಮೇಲೆ, ಕಚ್ಚುವ ಬದಲು ಮುಷ್ಟಿ ಬಿಗಿಹಿಡಿಯುವುದು ಅಥವಾ ಕೈಯಲ್ಲಿ ಏನಾದರೂ ಹಿಡಿದುಕೊಳ್ಳುವುದು, ಕೆಲವು ನಿಮಿಷ.

ಭಾವ ಒಳ್ಳೆಯವರು. ಮಗನ ಹೋಮ್‌ವರ್ಕ್ ಅವರೇ ನೋಡುತ್ತಾರೆ, ಜ್ವರ ಬಂದರೆ ರಾತ್ರಿಯೆಲ್ಲ ಎದ್ದಿರುತ್ತಾರೆ. ಆದರೆ ಹೊಡೆದರೆ ಬುದ್ಧಿ ಬರುತ್ತದೆ ಎಂಬ ನಂಬಿಕೆ ಮಾತ್ರ ಬಿಟ್ಟಿಲ್ಲ. ಹೆದರಿಕೆಯಿಂದ ಕಚ್ಚುವ ಮಗುವಿಗೆ ಇನ್ನಷ್ಟು ಹೆದರಿಸಿದರೆ ಕೈ ಎಲ್ಲಿಗೆ ಹೋಗುತ್ತದೆ? ಮತ್ತೆ ಬಾಯಿಗೇ ಅಲ್ವಾ?

ಅವರ ಕಾಳಜಿ ಸುಮ್ನೆ ಅಲ್ಲ, ಅದು ನಿಜ. ಉಗುರಿನ ಸಂದಿಯಿಂದ ಹುಳದ ಮೊಟ್ಟೆ ಹೊಟ್ಟೆ ಸೇರಬಹುದು. ಉಗುರುಸುತ್ತು ಆಗಬಹುದು, ಹಲ್ಲಿನ ಅಂಚು ಸವೆಯಬಹುದು. ಹುಡುಗನ ಹೆಬ್ಬೆರಳಿನ ಪಕ್ಕದ ಚರ್ಮ ಆಗಲೇ ಕೆಂಪಗಾಗಿದೆ.

ಆದರೂ ನನ್ನನ್ನು ಜಾಸ್ತಿ ಕಾಡುತ್ತಿರುವುದು ಉಗುರಲ್ಲ, ಆ ಎರಡನೇ ಏಟು. ತನಗೆ ತಿಳಿದಷ್ಟನ್ನು ನಿಜವಾಗಿ ಹೇಳಿದ ಮಗು ಸುಳ್ಳುಗಾರ ಅನ್ನಿಸಿಕೊಂಡಿತು. ಹಾಲು ಚೆಲ್ಲಿದ್ದು, ಪೆನ್ಸಿಲ್ ಕಳೆದದ್ದು, ಪಾಠದ ನಡುವೆ ಕಾಲು ಅಲ್ಲಾಡಿಸಿದ್ದು, ಇಂಥ ಎಷ್ಟು ಸಂಗತಿಗಳಲ್ಲಿ ಮಕ್ಕಳ "ನನಗೆ ಗೊತ್ತಾಗಲಿಲ್ಲ" ಎಂಬ ಮಾತನ್ನು ನಾವು ನಂಬುತ್ತೇವೆ? ಮಾತಿನ ನಡುವೆ ನಮ್ಮ ಕೈ ಫೋನಿನತ್ತ ಹೋದದ್ದು ನಮಗೆ ಗೊತ್ತಾಗುತ್ತದೆಯೇ? ದೊಡ್ಡವರಿಗಾದರೆ ಅದು ಮರೆವು, ಮಕ್ಕಳಿಗಾದರೆ ಸುಳ್ಳು. ಇದು ಅನ್ಯಾಯ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಬೆರಳು ಬಾಯಿಗೆ ಹೋದಾಗ ಬೈಯಬೇಡ, ಮೆಲ್ಲಗೆ ಅವನ ಭುಜ ಮುಟ್ಟು, ಅದು ನಿಮ್ಮಿಬ್ಬರ ಗುಟ್ಟಾಗಿರಲಿ ಅಂದೆ. ಉಗುರು ಚಿಕ್ಕದಾಗಿ, ನುಣುಪಾಗಿ ಕತ್ತರಿಸಿಡಲೂ ಹೇಳಿದೆ. ಒರಟು ಅಂಚು ಸಿಕ್ಕಿದರೆ ಹಲ್ಲು ಅಲ್ಲಿಗೇ ಹೋಗುತ್ತದೆ. ಕಹಿ ಪಾಲಿಶ್ ಹಚ್ಚಲಾ ಅಂತ ಕೇಳಿದಳು. ಅವನೇ ಒಪ್ಪಿದರೆ ನೆನಪಿಗೆ ಸಹಾಯವಾದೀತು, ಶಿಕ್ಷೆಯಾಗಿ ಬೇಡ ಅಂದೆ.

"ಎಷ್ಟು ದಿನ ಬೇಕು?" ಅಂದಳು. ಉಗುರು ಬೆಳೆಯುವುದೇ ತಿಂಗಳಿಗೆ ಸುಮಾರು 3 ಮಿಲಿಮೀಟರ್, ಅವಸರ ಮಾಡಿ ಪ್ರಯೋಜನವಿಲ್ಲ. ಹತ್ತೂ ಬೆರಳು ಒಟ್ಟಿಗೆ ಬೇಡ, ಮೊದಲು ಒಂದನ್ನು ಉಳಿಸಲಿ, ಯಾವುದೆಂದು ಅವನೇ ಹೇಳಲಿ ಅಂದೆ. ಎಡಗೈ ಕಿರುಬೆರಳು ಅಂದನಂತೆ. ಅದನ್ನು ಅವನು ಕಚ್ಚುವುದೇ ಕಡಿಮೆ. ಇರಲಿ, ಅಲ್ಲಿಂದಲೇ ಶುರುವಾಗಲಿ.