ದಾನದ ಹೊಣೆ, ಪೂಜೆಯ ಹೊಣೆ

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು, ಅದರಿಂದಲೇ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಆ ಅಕ್ಕಿ ಕೂಡಿಡುವುದಕ್ಕೆ ಬಂದದ್ದಲ್ಲ, ಶರಣರ ಎಡೆಗೇ ಸಲ್ಲುತ್ತಿತ್ತು. ಇಟ್ಟುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೂ ಒಳ್ಳೆಯ ಕೆಲಸಕ್ಕೆ ಬಳಸಿದ ಮಾತ್ರಕ್ಕೆ ಅಗತ್ಯ ಮೀರಿ ತಂದದ್ದು ಶುದ್ಧವಾಗುತ್ತದೆ ಎಂಬ ಸಮಾಧಾನವನ್ನು ಆಕೆ ಒಪ್ಪಲಿಲ್ಲ. ಗುರುವನ್ನಾಗಲಿ ಶಾಸ್ತ್ರವನ್ನಾಗಲಿ ಕೇಳದೆ, ತನ್ನ ಮನೆಗೆ ಬಂದ ಕಾಳಿಗೆ ತಾನೇ ಉತ್ತರ ಹೇಳಬೇಕೆಂದು ತಿಳಿದ ಆ ಭಕ್ತಿಯ ಮುಂದೆ, ಹೇಗೋ ಗಳಿಸಿದ್ದರಲ್ಲಿ ಒಂದು ಪಾಲನ್ನು ಹುಂಡಿಗೆ ಹಾಕಿ ನಿರಾಳವಾಗುವ ನಮ್ಮ ರೂಢಿ ಬಹಳ ಸಣ್ಣದಾಗಿ ಕಾಣುತ್ತದೆ.

ಪೂಜೆಯ ವಿಷಯದಲ್ಲಿ ಬಸವಣ್ಣನವರು ಇನ್ನೂ ನಿಷ್ಠುರರು. ತಾನು ಉಣ್ಣುವ ಊಟವನ್ನು ಮತ್ತೊಬ್ಬರಿಂದ ಉಣ್ಣಿಸಲಾಗದಂತೆ, ತನ್ನ ಲಿಂಗಕ್ಕೆ ಮಾಡುವ ನಿತ್ಯನೇಮವನ್ನೂ ಮತ್ತೊಬ್ಬರ ಕೈಯಲ್ಲಿ ಮಾಡಿಸಲಾಗದು ಎಂಬುದು ಅವರ ನಿಲುವು. ಅರ್ಚಕರ ಮಂತ್ರಜ್ಞಾನಕ್ಕೆ, ಶ್ರದ್ಧೆಗೆ ನನ್ನಲ್ಲಿ ಪೂರ್ಣ ಗೌರವವಿದೆ. ಆದರೆ ಸಂಕಲ್ಪದಲ್ಲಿ ನಮ್ಮ ಹೆಸರು ಕೇಳುತ್ತಿರುವಾಗ ನಮ್ಮ ಮನಸ್ಸು ಬೇರೆಲ್ಲೋ ಇದ್ದರೆ ಆ ಕೊರತೆಯನ್ನು ಅವರು ತುಂಬಿಕೊಡಲಾರರು. ಕಾಯಿಲೆಯಿಂದಲೋ ವಯಸ್ಸಿನಿಂದಲೋ ಬರಲಾಗದೆ, ಇದ್ದಲ್ಲಿಂದಲೇ ಕೈಮುಗಿದು ಸೇವೆ ಮಾಡಿಸುವವರಿಗೆ ಈ ಮಾತು ಸಲ್ಲದು, ಏಕೆಂದರೆ ಅವರ ಮನಸ್ಸು ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿರುತ್ತದೆ.

ಹರಕೆಯೂ ಹೊತ್ತವರದೇ. ಸಂಕಟದಲ್ಲಿ ಒಬ್ಬರು ಆಡಿದ ಮಾತನ್ನು ತೀರಿಸಲು ಮನೆಯವರೆಲ್ಲ ಸಾಲದ ಹೊರೆ ಹೊರಬೇಕಾದರೆ, ಅಲ್ಲಿ ದೇವರಿಗೆ ಸಲ್ಲುತ್ತಿರುವುದು ಪರರ ಕಣ್ಣೀರು.

ಕೊಟ್ಟ ಮೇಲೆ ನಮ್ಮ ಕೆಲಸ ಮುಗಿಯಿತೆಂದು ಭಾವಿಸುವವರು ಬಹಳ. ಭಗವದ್ಗೀತೆಯ 17ನೆಯ ಅಧ್ಯಾಯ ದಾನವನ್ನು ಮೂರು ಬಗೆಯಾಗಿ ಹೇಳುವಾಗ, ಪ್ರತಿಫಲ ಬಯಸದೆ, ದೇಶ, ಕಾಲ, ಪಾತ್ರಗಳನ್ನರಿತು ಕೊಟ್ಟದ್ದನ್ನು ಸಾತ್ತ್ವಿಕವೆನ್ನುತ್ತದೆ. ಫಲದ ಆಸೆಯಿಂದಲೋ ಮನಸ್ಸಿಲ್ಲದೆಯೋ ಕೊಟ್ಟದ್ದು ರಾಜಸ, ಅಪಾತ್ರರಿಗೆ ಅಥವಾ ತಿರಸ್ಕಾರದಿಂದ ಕೊಟ್ಟದ್ದು ತಾಮಸ. ಪಾತ್ರವನ್ನು ಅರಿಯುವುದು ಕೊಡುವವನ ಕರ್ತವ್ಯವೇ ಆದ ಮೇಲೆ, ದೇವರ ಹೆಸರಿನಲ್ಲಿ ಸಂಗ್ರಹವಾದ ಹಣ ಎಲ್ಲಿಗೆ ಹೋಯಿತೆಂದು ವಿಚಾರಿಸುವುದು ಅಶ್ರದ್ಧೆ ಹೇಗಾದೀತು? ದೊಡ್ಡ ಮೊತ್ತ ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸಿದವರಿಗೆ ಮಾತ್ರವಲ್ಲ, ಒಂದು ನಾಣ್ಯ ಹಾಕಿ ಹೋದವರಿಗೂ ಆ ಲೆಕ್ಕ ಕೇಳುವ ಅಧಿಕಾರವಿದೆ, ಮತ್ತು ವಿನಯದಿಂದ ಕೇಳಿದಾಗ ಅದನ್ನು ತೆರೆದು ತೋರಿಸುವುದು ಆಡಳಿತ ವಹಿಸಿಕೊಂಡವರು ಸಲ್ಲಿಸಬೇಕಾದ ಪೂಜೆ.