ಏಳಡಿ ಸೂರಿನ ಕೆಳಗೆ ಡ್ರಮ್ಸ್ ರೆಕಾರ್ಡಿಂಗ್

ಮಡಿಕೇರಿ ಕಡೆ ಮನೆಯ ಅಟ್ಟವನ್ನೋ ಹಿಂದಿನ ಕೋಣೆಯನ್ನೋ ಸ್ಟುಡಿಯೋ ಮಾಡಿಕೊಂಡವರು ಮೊದಲು ಕೇಳುವುದು ಯಾವ ಮೈಕ್ ಕೊಳ್ಳಬೇಕು ಅಂತ. ಅದಕ್ಕೂ ಮೊದಲು ಟೇಪ್ ಹಿಡಿದು ಸೂರಿನ ಎತ್ತರ ಅಳೆಯಿರಿ.

ಸ್ನೇರ್, ಅಂದರೆ ಬಾರಿಸುವವರ ಎದುರಿಗೇ ಇರುವ ಚಟಚಟ ಸದ್ದಿನ ಚಿಕ್ಕ ಡ್ರಮ್, ನೆಲದಿಂದ ಸುಮಾರು 26 ಇಂಚು ಮೇಲಿರುತ್ತದೆ. ಅದರ ಮೇಲೆ 40 ಇಂಚಿಗೆ ಓವರ್‌ಹೆಡ್ ಮೈಕ್ (ಇಡೀ ಡ್ರಮ್ಸ್ ಸದ್ದನ್ನು ಮೇಲಿನಿಂದ ಹಿಡಿಯುವ ಮೈಕ್) ಇಟ್ಟರೆ ಐದೂವರೆ ಅಡಿ ಆಯಿತು. ಸೂರು 7 ಅಡಿಯದಾದರೆ ಮೈಕ್ ಮೇಲೆ ಉಳಿಯುವುದು ಒಂದೂವರೆ ಅಡಿ. ಸ್ನೇರ್ ಸದ್ದು ಮೈಕಿಗೆ ನೇರವಾಗಿ ಒಮ್ಮೆ ಬರುತ್ತದೆ, ಸೂರಿಗೆ ಬಡಿದು 3 ಅಡಿ ಸುತ್ತಿಕೊಂಡು ಇನ್ನೊಮ್ಮೆ ಬರುತ್ತದೆ. ಎರಡೂ ಸೇರಿದಾಗ 190 ಹರ್ಟ್ಸ್ ಆಸುಪಾಸು ಒಂದನ್ನೊಂದು ತಿಂದುಹಾಕುತ್ತವೆ. ಸ್ನೇರ್‌ನ ಮೈಯಿರುವುದೇ ಅಲ್ಲಿ! ಹೋದದ್ದನ್ನು ಈಕ್ಯೂ (ಸ್ಥಾಯಿಗಳನ್ನು ಏರಿಸಿ ಇಳಿಸುವ ಸಾಧನ) ಹಾಕಿ ವಾಪಸ್ ತರಲಾಗದು. ಡ್ರಮ್ಸ್ ನೆತ್ತಿಯ ಮೇಲೆ, ಸೂರಿಗೆ 2 ಇಂಚು ಜಾಗ ಬಿಟ್ಟು, 4 ಇಂಚು ದಪ್ಪದ ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರು) ಪ್ಯಾನೆಲ್ ತೂಗುಹಾಕಿ. ದುಡ್ಡು ಒಂದೇ ಪ್ಯಾನೆಲ್‌ಗೆ ಸಾಕಾದರೂ ಅದು ಅಲ್ಲಿಗೇ ಹೋಗಲಿ.

ನಮ್ಮಲ್ಲಿ ಕಾಫಿ ಚೀಲಕ್ಕೆ ಬರವಿಲ್ಲ, ಗೋಡೆ ತುಂಬ ನೇತುಹಾಕುತ್ತಾರೆ. ಬರೀ ಗೋಣಿ ಸಿಂಬಲ್‌ನ (ಲೋಹದ ತಾಳದ) ಮೇಲುಸ್ಥಾಯಿಯ ಸದ್ದನ್ನಷ್ಟೇ ಹೀರುತ್ತದೆ. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಾದ ಕಿಕ್‌ನ ಗುಂಯ್‌ಗುಡುವಿಕೆ ಹಾಗೇ ಉಳಿದು ಕೋಣೆ ಇನ್ನಷ್ಟು ಮಂಕಾಗುತ್ತದೆ. ಪ್ಯಾನೆಲ್‌ಗೆ ಹೊದಿಕೆಯಾಗಿ ಮಾತ್ರ ಅದು ಒಳ್ಳೆಯದು.

ಸಣ್ಣ ಕೋಣೆಗೆ ನಾಲ್ಕು ಮೈಕ್ ಸಾಕು: ಎರಡು ಓವರ್‌ಹೆಡ್, ಕಿಕ್‌ಗೊಂದು, ಸ್ನೇರ್‌ಗೊಂದು. ಎಂಟಿಟ್ಟರೆ ಫೇಸ್ ತೊಂದರೆಯೇ (ಒಂದೇ ಸದ್ದು ಬೇರೆ ಬೇರೆ ಮೈಕಿಗೆ ಹಿಂದುಮುಂದಾಗಿ ಬಂದು ಒಂದನ್ನೊಂದು ತಿನ್ನುವುದು) ಇನ್ನಷ್ಟು ಹೆಚ್ಚುತ್ತದೆ. ಎರಡನೇ ಓವರ್‌ಹೆಡ್ ಫ್ಲೋರ್ ಟಾಮ್ (ನೆಲದ ಮೇಲೆ ಕಾಲೂರಿ ನಿಲ್ಲುವ ಡ್ರಮ್) ಪಕ್ಕದಿಂದ ಸ್ನೇರ್ ಕಡೆ ನೋಡುವಂತಿರಲಿ. ಒಂದು ದಾರದ ತುದಿಯನ್ನು ಸ್ನೇರ್ ನಡುವೆ ಬೆರಳಿಂದ ಒತ್ತಿ, ಇನ್ನೊಂದು ತುದಿಯನ್ನು ಮೊದಲ ಮೈಕ್‌ವರೆಗೆ ಎಳೆದು ಗಂಟು ಹಾಕಿ. ಆ ಗಂಟು ಎರಡನೇ ಮೈಕಿಗೂ ಸರಿಯಾಗಿ ಮುಟ್ಟಬೇಕು. 4 ಇಂಚು ಹೆಚ್ಚುಕಮ್ಮಿಯಾದರೂ ಕೇಳುವಾಗ ಸ್ನೇರ್ ಸದ್ದು ನಡುವಿನಿಂದ ಜಾರಿ ಒಂದು ಪಕ್ಕಕ್ಕೆ ವಾಲುತ್ತದೆ. ಕಿಕ್ ಮೈಕ್ ಮುಂದಿನ ತೂತಿನಿಂದ 2 ಇಂಚು ಒಳಗಿರಲಿ. ಸ್ನೇರ್‌ಗೆ ಶೂರ್ ಎಸ್‌ಎಂ 57 ಇದ್ದರೆ ಅಂಚಿನಿಂದ ಒಂದೂವರೆ ಇಂಚು ಮೇಲೆ, ಮೈಕಿನ ಬೆನ್ನು ಹೈಹ್ಯಾಟ್ (ಪೆಡಲ್ ಇರುವ ಜೋಡಿ ತಾಳ) ಕಡೆಗೆ. ಹಿಂಬದಿಯ ಸದ್ದನ್ನು ಅದು ಅಷ್ಟಾಗಿ ಹಿಡಿಯುವುದಿಲ್ಲ. ಆಮೇಲೆ ಎಲ್ಲವನ್ನೂ ಮೋನೋದಲ್ಲಿ (ಎಡಬಲ ಬೇರೆಯಿಲ್ಲದೆ ಒಂದೇ ಸದ್ದಾಗಿ) ಕೇಳುತ್ತಾ ಒಂದೊಂದೇ ಟ್ರ್ಯಾಕಿನ ಪೊಲಾರಿಟಿ (ಅಲೆಯ ಮೇಲುಕೆಳಗು) ತಿರುಗಿಸಿ. ಯಾವುದರಲ್ಲಿ ಕೆಳಸ್ಥಾಯಿ ತುಂಬಿಬರುತ್ತದೋ ಅದೇ ಸರಿ.

ಹಾಡಿನ ಅತಿ ಜೋರಿನ ಭಾಗ ಬಾರಿಸಿಸಿ ಗೇನ್ (ಮೈಕ್ ಸದ್ದನ್ನು ಏರಿಸುವ ಮಟ್ಟ) ಇಡಿ, 24 ಬಿಟ್‌ನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. ಟೇಕ್ ಶುರುವಾದರೆ ಕೈ ತಾನಾಗಿ ಜೋರಾಗುತ್ತದೆ.

ಮಳೆ ವಿಷಯ ಬೇರೆಯೇ. ದುಡಿಯ ತೊಗಲು ಥಂಡಿಗೆ ಸಡಿಲವಾಗುವ ಹಾಗೆ ಡ್ರಮ್ಸ್‌ನ ಪ್ಲಾಸ್ಟಿಕ್ ಹೆಡ್ ಸಡಿಲವಾಗದು, ನಿಜ. ಆದರೆ ಕಂಡೆನ್ಸರ್ ಮೈಕ್ ತೇವ ಹಿಡಿದು ಚಿಟಪಟ ಅನ್ನುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಜೆಲ್ ಬಣ್ಣ ಬದಲಾದೊಡನೆ ಬದಲಿಸಿ. ಶೀಟ್ ಮಾಡಿನ ಮೇಲೆ ಸುರಿಯುವ ಜುಲೈ ಮಳೆಯನ್ನಂತೂ ಯಾವ ಗೇಟ್ (ಸಣ್ಣ ಸದ್ದನ್ನು ತಡೆಯುವ ಸಾಧನ) ಕೂಡ ತೆಗೆಯಲಾರದು. ಡ್ರಮ್ಸ್ ಟ್ರ್ಯಾಕುಗಳನ್ನು ಮೇ ಒಳಗೆ ಮುಗಿಸಿ, ಮಳೆಗಾಲವನ್ನು ಮಿಕ್ಸಿಂಗ್‌ಗೆ ಇಟ್ಟುಕೊಳ್ಳಿ.