ಲಂಬ ವಾಲಿದ ಪೀರಿಯಡ್

ನಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಇದೆ, ಲ್ಯಾಪ್‌ಟಾಪ್ ಇದೆ. ಬೋರ್ಡಿಗೆ ಹಿಡಿಯಲು ಒಂದು ಮರದ ಮೂಲೆಮಟ್ಟ ಕೇಳಿದರೆ ಮಾತ್ರ ಫಂಡ್ ಇಲ್ಲ!

ಮೊನ್ನೆ ಪ್ಲಸ್ ವನ್‌ನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ, ಸಮಾಂತರ ರೇಖೆಗಳ ನಡುವಿನ ದೂರದ ಪಾಠ. ಹತ್ತನೇವರೆಗೆ ಕನ್ನಡದಲ್ಲೇ ಓದಿ ಬಂದ ಮಕ್ಕಳಿಗೆ ಇಂಗ್ಲಿಷ್ ಪುಸ್ತಕದ ಸೂತ್ರ ಅಂದರೆ ಬಾಯಿಪಾಠ. ಅದೇ ದಿನ ಕ್ಲಾಸು ನೋಡಲು ಮೇಲಿನವರು ಬಂದು, ಹಿಂದಿನ ಬೆಂಚಿನಲ್ಲಿ ಡೈರಿ ಬಿಚ್ಚಿ ಕೂತಿದ್ದರು.

ರೇಖೆಗಳು 3ಎಕ್ಸ್ + 4ವೈ − 7 = 0 ಮತ್ತು 6ಎಕ್ಸ್ + 8ವೈ + 16 = 0. ಒಬ್ಬ 7ಕ್ಕೆ 16 ಕೂಡಿಸಿ, 10ರಿಂದ ಭಾಗಿಸಿ 2.3 ಅಂದ. ಒಬ್ಬಳು ವೈ ಅಕ್ಷದ ಮೇಲೆ 1.75ರಿಂದ −2ರವರೆಗೆ ಎಣಿಸಿ 3.75 ಅಂದಳು. ಚಿತ್ರ ತೋರಿಸಿದರೆ ಮುಗೀತಲ್ವಾ? ಗ್ರಾಫ್ ಬಿಡಿಸುವ ಸಾಫ್ಟ್‌ವೇರ್ ಜಿಯೋಜಿಬ್ರಾ ತೆರೆದು ಲಂಬ ಎಳೆದೆ. ಅಳತೆ 3 ಬಂತು.

"ಸಾರ್, ಅದು ಲಂಬ ಅಲ್ಲ. ವಾಲಿದೆ."

ಹೌದು, ವಾಲಿತ್ತು. ಇನ್ನೊಬ್ಬ ಎದ್ದು ಬಂದು ಜಾಮಿಟ್ರಿ ಬಾಕ್ಸಿನ ಪುಟ್ಟ ಮೂಲೆಮಟ್ಟವನ್ನು ಪರದೆಗೇ ಒತ್ತಿದ. ಅವನ ಬೆರಳುಗಳ ನೆರಳು ಇಡೀ ಗ್ರಾಫಿನ ಮೇಲೆ. ಮೂಲೆ ಕೂರಲಿಲ್ಲ. ಹಿಂದಿನಿಂದ ಪೆನ್ನಿನ ಸದ್ದು. ಮೌಸ್ ಬೇರೆ ಆಗಲೇ ಹಠ ಹಿಡಿಯಬೇಕೇ! ಅಂತೂ ಸೆಟ್ಟಿಂಗ್ಸ್ ತೆರೆದುಕೊಂಡಿತು. ಮೊದಲಿನ ಪೀರಿಯಡ್‌ನಲ್ಲಿ ಯಾರೋ ಎಕ್ಸ್ ಅಕ್ಷವನ್ನು ಎಳೆದು ಉದ್ದ ಮಾಡಿ ಹಾಗೇ ಬಿಟ್ಟು ಹೋಗಿದ್ದರು. ಹಾಗೆ ಎಳೆದರೂ ಸಮಾಂತರ ರೇಖೆಗಳು ಸಮಾಂತರವಾಗಿಯೇ ಇರುತ್ತವೆ, ಲಂಬಕೋನ ಮಾತ್ರ ಕಣ್ಣಿಗೆ ಕೆಡುತ್ತದೆ. ಅನುಪಾತ 1:1 ಮಾಡಿದೆ. ಮೂಲೆಮಟ್ಟ ಕೂತಿತು.

ಆಮೇಲೆ ಸೂತ್ರ ಒರೆಸಿ ಹಾಕಿದೆ. ಮೊದಲ ರೇಖೆಯಲ್ಲಿ ಯಾವುದಾದರೂ ಬಿಂದು ಹೇಳಿ ಅಂದೆ. (1, 1) ಸಿಕ್ಕಿತು. ಎರಡನೆಯದಕ್ಕೆ ಹಾಕಿದರೆ 6 + 8 + 16 = 30. ಕೆಳಗೆ 36 + 64ರ ವರ್ಗಮೂಲ 10. ಉತ್ತರ 3. ಸೂತ್ರವೇ ಬೇಕಿದ್ದರೆ ಮೊದಲು ಎರಡನೇ ಸಮೀಕರಣವನ್ನು ಅರ್ಧ ಮಾಡಿ, 3ಎಕ್ಸ್ + 4ವೈ + 8 = 0 ಮಾಡಿಕೊಳ್ಳಬೇಕು. ಆಗ ಮೇಲೆ 7 + 8 = 15, ಕೆಳಗೆ 9 + 16ರ ವರ್ಗಮೂಲ 5. 15/5 ಅಂದರೆ ಅದೇ 3. 2.3 ಅಂದವನು ತಪ್ಪಿದ್ದು ಅಲ್ಲೇ. ನನ್ನ ಕೇಳಿದರೆ ಈ ಸೂತ್ರವನ್ನು ಒಂದು ವಾರ ತಡವಾಗಿ ಹೇಳಿದರೂ ನಷ್ಟವಿಲ್ಲ.

"ನಮ್ಮ ತೋಟದಲ್ಲಿ ಅಡಿಕೆ ಸಾಲಿಂದ ಸಾಲಿಗೆ 9 ಅಡಿ. ಹಗ್ಗ ಓರೆ ಹಿಡಿದರೆ ಜಾಸ್ತಿ ತೋರಿಸ್ತದೆ ಸಾರ್," ಅಂದ ಬದಿಯಡ್ಕ ಕಡೆಯ ಹುಡುಗ. 3.75ರ ಹುಡುಗಿಗೆ ಅಷ್ಟು ಸಾಕಾಯಿತು.

ಡೈರಿಯವರು ಹೋಗುವಾಗ "ಟೆಕ್ನಾಲಜಿ ಬಳಕೆ ಚೆನ್ನಾಗಿದೆ" ಅಂದರು. ನಾನು ಸುಮ್ನೆ ತಲೆಯಾಡಿಸಿದೆ.

ಬೆಲ್ ಹೊಡೆದ ಮೇಲೂ ಆ ಹುಡುಗಿ ನೋಟ್ಸ್ ಮುಚ್ಚಲಿಲ್ಲ. "ಸಾರ್, ನನ್ನ 3.75ನ್ನು 4/5ರಿಂದ ಗುಣಿಸಿದರೆ 3 ಬರ್ತದಲ್ಲ, ಯಾಕೆ?"

ನಾಳೆಯ ಪೀರಿಯಡ್ ಅದಕ್ಕೇ ಇಟ್ಟಿದ್ದೇನೆ.